ಒಂದು ಟನ್ ಇಂಗಾಲದ ಬೆಲೆ ಕಂಬಂನಲ್ಲಿ ಎಷ್ಟು?

ತಮಿಳುನಾಡಿನ ಕಂಬಂ ಕಣಿವೆಯ ಸುರುಳಿಪಟ್ಟಿ, ಕಾಮಯಗೌಂಡನ್‌ಪಟ್ಟಿ, ಗೂಡಲೂರು ಕಡೆಯ ಚಪ್ಪರಗಳಿಂದ ಕಿತ್ತ ಪನ್ನೀರ್ ದ್ರಾಕ್ಷಿ ತುಂಬಿಕೊಂಡು ಲಾರಿಯೊಂದು ಬೆಂಗಳೂರಿಗೆ ಹೊರಟಿತೆನ್ನಿ. ತೇನಿ, ದಿಂಡಿಗಲ್, ಕರೂರು, ಸೇಲಂ, ಹೊಸೂರು ದಾಟಿ ಬರಬೇಕಾದ ದಾರಿ 450 ಕಿ.ಮೀ.ಗೂ ಹೆಚ್ಚು. ಲೀಟರಿಗೆ ನಾಲ್ಕೂವರೆ ಕಿ.ಮೀ. ಓಡಿದರೂ ನೂರು ಲೀಟರ್ ಡೀಸೆಲ್ ಬೇಕು. ಡೀಸೆಲ್ ದುಡ್ಡು, ಟೋಲ್, ಡ್ರೈವರ್ ಬತ್ತೆ, ಹಮಾಲಿ, ಮಂಡಿಯ ಕಮಿಷನ್ ಎಲ್ಲವೂ ಚೀಟಿಯಲ್ಲಿ ಬರೆದಿರುತ್ತವೆ. ಒಂದು ಬಾಬತ್ತು ಮಾತ್ರ ಇರುವುದಿಲ್ಲ. ಒಂದು ಲೀಟರ್ ಡೀಸೆಲ್ ಒಂದು ಕೆ.ಜಿ. ಕೂಡ ತೂಗುವುದಿಲ್ಲ. ಆದರೆ ಉರಿಯುವಾಗ ಗಾಳಿಯ ಆಮ್ಲಜನಕವನ್ನು ಕೂಡಿಸಿಕೊಂಡು ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ. ನೂರು ಲೀಟರಿಗೆ 270 ಕೆ.ಜಿ.

ಇದಕ್ಕೆ ಬೆಲೆ ಕಟ್ಟುವುದು ಹೇಗೆ? ವಿಶ್ವಬ್ಯಾಂಕಿನ ಲೆಕ್ಕದ ಪುಸ್ತಕದಲ್ಲಿ ಟನ್ನಿಗೆ 40 ಡಾಲರ್ ಎಂಬ ದರವಿದೆ. ಡಾಲರಿಗೆ 85 ರೂಪಾಯಿ ಹಿಡಿದರೆ ನಮ್ಮ ಲಾರಿಯ ಪಾಲು ಸುಮಾರು 900 ರೂಪಾಯಿ. ಹತ್ತು ಟನ್ ಹಣ್ಣಿದ್ದರೆ ಕೆ.ಜಿ.ಗೆ ಒಂಬತ್ತು ಪೈಸೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2023ರ ಡಿಸೆಂಬರಿನಲ್ಲಿ ಕಟ್ಟಿದ ಬೆಲೆ ಟನ್ನಿಗೆ 190 ಡಾಲರ್. ಆ ದರದಲ್ಲಿ ಅದೇ ಲಾರಿ ಸುಮಾರು 4,400 ರೂಪಾಯಿ ಬಾಕಿ, ಕೆ.ಜಿ.ಗೆ 44 ಪೈಸೆ. ಹಣ್ಣು ಅದೇ, ರಸ್ತೆ ಅದೇ, ಲೆಕ್ಕದಲ್ಲಿ ಮಾತ್ರ ಐದು ಪಟ್ಟು ವ್ಯತ್ಯಾಸ.

ಈ ವ್ಯತ್ಯಾಸ ಎಲ್ಲಿಂದ ಬಂತು, ಆ ಬಾಕಿ ಯಾರ ಖಾತೆಗೆ ಬೀಳಬೇಕು ಎಂಬುದೇ ಇಂದಿನ ಅರ್ಥಶಾಸ್ತ್ರದ ಒಂದು ದೊಡ್ಡ ಜಗಳ. ಅದನ್ನು ನ್ಯೂಯಾರ್ಕಿನಲ್ಲೋ ಜಿನೀವಾದಲ್ಲೋ ಕೂತು ನೋಡುವುದಕ್ಕಿಂತ ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿ ಬಿದ್ದಿರುವ ಕಂಬಂ ಕಣಿವೆಯಲ್ಲಿ ನಿಂತು ನೋಡಿದರೆ ಹೆಚ್ಚು ಅರ್ಥವಾಗುತ್ತದೆ.

ಕನ್ನಡದ ಓದುಗರಿಗೆ ಈ ಊರುಗಳು ಪೂರ್ತಿ ಪರಕೀಯವಲ್ಲ. ಕಂಬಂ, ಉತ್ತಮಪಾಳಯಂ, ಬೋಡಿನಾಯಕನೂರಿನ ಸುತ್ತ ಕಪ್ಪಿಲಿಯರೆಂದು ಕರೆಸಿಕೊಳ್ಳುವ ಒಕ್ಕಲಿಗರ ಮನೆಮಾತು ಕನ್ನಡ. ತುಂಗಭದ್ರೆಯ ದಂಡೆಯಿಂದ ಬಂದವರು ತಾವು ಎಂಬ ಹೇಳಿಕೆ ಅವರಲ್ಲಿದೆ. ದಿಂಡಿಗಲ್ ಭಾಗದ ದೇವಾಂಗ ನೇಕಾರರಲ್ಲೂ ಮನೆಯೊಳಗೆ ಕನ್ನಡ ಆಡುವವರಿದ್ದಾರೆ. ಹೈದರಾಲಿ ದೊಡ್ಡವನಾದದ್ದೇ 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾಗಿ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಆ ಸೀಮೆಯನ್ನು ಬಿಟ್ಟುಕೊಡುವವರೆಗೂ ಅದು ಮೈಸೂರಿನದಾಗಿತ್ತು.

ಈಗ ಲೆಕ್ಕಕ್ಕೆ ಬರೋಣ. ದೇಶದ ಒಟ್ಟು ವರಮಾನವನ್ನು ಒಂದೇ ಅಂಕಿಯಲ್ಲಿ ಹೇಳುವ ಇಂದಿನ ಪದ್ಧತಿಗೆ ಇನ್ನೂ ನೂರು ವರ್ಷ ತುಂಬಿಲ್ಲ. 1934ರಲ್ಲಿ ಸೈಮನ್ ಕುಜ್ನೆಟ್ಸ್ ಅಮೆರಿಕದ ಸಂಸತ್ತಿಗೆ ಇಂಥ ಮೊದಲ ವರದಿ ಕೊಟ್ಟರು. ಜನರ ಯೋಗಕ್ಷೇಮವನ್ನು ಈ ಅಂಕಿಯಿಂದ ಅಳೆಯಲು ಹೋಗಬೇಡಿ ಎಂಬ ಎಚ್ಚರಿಕೆಯೂ ಅದೇ ವರದಿಯಲ್ಲಿತ್ತು. ಅಂಕಿಯನ್ನು ಎಲ್ಲರೂ ಹಿಡಿದುಕೊಂಡರು, ಎಚ್ಚರಿಕೆ ಕಡತದಲ್ಲೇ ಉಳಿಯಿತು. ನಮ್ಮಲ್ಲಿ ಈ ಕೆಲಸವನ್ನು ಶಾಸ್ತ್ರೀಯವಾಗಿ ಮಾಡಿದವರು ವಿ.ಕೆ.ಆರ್.ವಿ. ರಾವ್. ಬ್ರಿಟಿಷ್ ಇಂಡಿಯಾದ 1931–32ರ ವರಮಾನವನ್ನು ಅವರು ಲೆಕ್ಕ ಹಾಕಿದರು. ಕಾಂಚೀಪುರದಲ್ಲಿ ಹುಟ್ಟಿ, ಬಳ್ಳಾರಿಯಿಂದ ಲೋಕಸಭೆಗೆ ಹೋಗಿ, 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆ ಕಟ್ಟಿದವರು ಅವರೇ.

ರಾಷ್ಟ್ರೀಯ ವರಮಾನದ ಲೆಕ್ಕಕ್ಕೆ ಒಂದು ವಿಚಿತ್ರ ಗುಣವಿದೆ. ನೀರು ಬತ್ತಿದಾಗ ಸಾವಿರ ಅಡಿ ಬೋರ್‌ವೆಲ್ ಕೊರೆಸಿದರೆ ಜಿಡಿಪಿ ಏರುತ್ತದೆ. ಅಕಾಲ ಮಳೆಗೆ ದ್ರಾಕ್ಷಿಗೆ ಬೂಜು ರೋಗ ಹತ್ತಿ ಎರಡು ಸಲ ಹೆಚ್ಚು ಔಷಧಿ ಹೊಡೆದರೆ ಆ ಔಷಧಿಯ ಮಾರಾಟವೂ ವರಮಾನವೇ. ಬಿಸಿಲಿಗೆ ಬಸವಳಿದವರು ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿಸಿಕೊಂಡರೆ ಅದೂ ಕೂಡಿಕೆಯ ಕಾಲಮ್ಮಿಗೆ ಹೋಗುತ್ತದೆ. ಬರಿದಾದ ಅಂತರ್ಜಲ, ಕೊಚ್ಚಿ ಹೋದ ಮಣ್ಣು, ಕೆಟ್ಟ ಹವೆ ಯಾವ ಕಾಲಮ್ಮಿಗೂ ಬರುವುದಿಲ್ಲ.

ಈ ಲೋಪ ತುಂಬಲು ಡೇವಿಡ್ ಪಿಯರ್ಸ್ ಮತ್ತು ಜೈಲ್ಸ್ ಅಟ್ಕಿನ್‌ಸನ್ 1993ರಲ್ಲಿ ಒಂದು ದಾರಿ ತೋರಿಸಿದರು. ದೇಶ ಮಾಡಿದ ಉಳಿತಾಯದಲ್ಲಿ ಯಂತ್ರ, ಕಟ್ಟಡಗಳ ಸವಕಳಿ ಕಳೆಯಿರಿ. ಶಿಕ್ಷಣಕ್ಕೆ ಹಾಕಿದ ಹಣ ಕೂಡಿಸಿ. ಅಗೆದ ಗಣಿ, ಸುಟ್ಟ ತೈಲ, ಕಡಿದ ಕಾಡಿನ ಬೆಲೆ ಕಳೆಯಿರಿ. ಕೊನೆಗೆ ಇಂಗಾಲದ ಹಾನಿಯನ್ನೂ ಕಳೆಯಿರಿ. ಉಳಿದದ್ದು ನಿಜವಾದ ಉಳಿತಾಯ. ವಿಶ್ವಬ್ಯಾಂಕ್ ಇದನ್ನು ಎತ್ತಿಕೊಂಡು ದೇಶವಾರು ಪಟ್ಟಿ ಪ್ರಕಟಿಸತೊಡಗಿತು. ಅದರಲ್ಲಿ ‘ಇಂಗಾಲದ ಡೈಆಕ್ಸೈಡ್ ಹಾನಿ, ಒಟ್ಟು ರಾಷ್ಟ್ರೀಯ ವರಮಾನದ ಶೇಕಡಾವಾರು’ ಎಂಬ ಒಂದು ಸಾಲೇ ಇದೆ. ಲೆಕ್ಕ ಬಹಳ ಸರಳ: ದೇಶ ಕಲ್ಲಿದ್ದಲು, ತೈಲ, ಅನಿಲ ಸುಟ್ಟು, ಸಿಮೆಂಟ್ ಮಾಡಿ ಬಿಟ್ಟ ಟನ್ನುಗಳನ್ನು ಒಂದು ಟನ್ನಿನ ದರದಿಂದ ಗುಣಿಸುವುದು, ಬಂದದ್ದನ್ನು ವರಮಾನದಿಂದ ಭಾಗಿಸುವುದು.

ಭಾರತಕ್ಕೆ ಹಾಕಿ ನೋಡಬಹುದು. 2019ರಲ್ಲಿ ನಾವು ಬಿಟ್ಟದ್ದು ಸುಮಾರು 260 ಕೋಟಿ ಟನ್. 40 ಡಾಲರಿನಂತೆ 10,400 ಕೋಟಿ ಡಾಲರ್. ಆ ವರ್ಷದ ರಾಷ್ಟ್ರೀಯ ವರಮಾನ ಸುಮಾರು 2.8 ಲಕ್ಷ ಕೋಟಿ ಡಾಲರ್. ಅಂದರೆ ಹಾನಿ ಶೇ 3.7ರ ಆಸುಪಾಸು. ಅಮೆರಿಕ ಅದೇ ವರ್ಷ ನಮಗಿಂತ ಎರಡು ಪಟ್ಟು, 500 ಕೋಟಿ ಟನ್ನಿಗೂ ಮೇಲೆ ಬಿಟ್ಟಿತು. ಅದರ ಹಾನಿ? ವರಮಾನದ ಶೇ 1.

ಇದನ್ನು ನೋಡಿದವರಿಗೆ ಭಾರತವೇ ದೊಡ್ಡ ತಪ್ಪಿತಸ್ಥ ಎನಿಸಿದರೆ ಆಶ್ಚರ್ಯವಿಲ್ಲ. ಆದರೆ ತಲೆಗೆ ಹಂಚಿದಾಗ ಭಾರತೀಯನದು ಎರಡು ಟನ್ನು, 80 ಡಾಲರ್. ಅಮೆರಿಕನ್ನನದು ಹದಿನೈದು ಟನ್ನು, 600 ಡಾಲರ್. ಶೇಕಡಾ ದೊಡ್ಡದಾಗಿ ಕಂಡದ್ದು ನಮ್ಮ ವರಮಾನ ಸಣ್ಣದು ಎಂಬ ಕಾರಣಕ್ಕೆ. ನಮ್ಮ ವಿದ್ಯುತ್ತು ಬಹುಪಾಲು ಕಲ್ಲಿದ್ದಲಿನಿಂದ ಬರುತ್ತದೆ ಎಂಬುದೂ ನಿಜವೇ.

ಇದಕ್ಕಿಂತ ಮುಖ್ಯವಾದ ತೊಡಕು ಇನ್ನೊಂದಿದೆ, ಅದನ್ನು ಹೆಚ್ಚಿನವರು ಗಮನಿಸುವುದಿಲ್ಲ. ಈ ಸಾಲು ಹೇಳುವುದು ಭಾರತ ಅನುಭವಿಸಿದ ನಷ್ಟವನ್ನಲ್ಲ. ಭಾರತದ ಹೊಗೆಯಿಂದ ಇಡೀ ಜಗತ್ತಿಗೆ, ಇಂದಿನಿಂದ ಮುಂದಿನ ಶತಮಾನಗಳವರೆಗೆ ಆಗುವ ನಷ್ಟವನ್ನು ಭಾರತದ ಖಾತೆಗೆ ಬರೆದದ್ದು ಅದು. ಹೊಗೆ ಬಿಟ್ಟವರೇ ತೆರಬೇಕು ಎಂಬ ನ್ಯಾಯ ಅದರ ಹಿಂದಿದೆ, ಅದು ಸರಿಯೂ ಹೌದು. ಆದರೆ ಚಿಮಣಿ ಇರುವ ಕಡೆ ಮಾತ್ರ ಎಣಿಸುವ ಈ ಪುಸ್ತಕದಲ್ಲಿ ಹೊಲ ಒಣಗಿದ ಕಡೆಗೆ ಜಾಗವೇ ಇಲ್ಲ. ತೇನಿ ಜಿಲ್ಲೆಯಂಥವು ಅಲ್ಲಿ ಕಾಣಿಸುವುದೇ ಇಲ್ಲ.

ತೇನಿಯವರು ಹೊಗೆಯನ್ನೇ ಬಿಡುವುದಿಲ್ಲವೆಂದಲ್ಲ. ತಮಿಳುನಾಡಿನಲ್ಲಿ ಕೃಷಿ ಪಂಪಿಗೆ ಕರೆಂಟು ಉಚಿತ. ಐದು ಅಶ್ವಶಕ್ತಿಯ ಮೋಟಾರು ದಿನಕ್ಕೆ ಆರು ಗಂಟೆ ಓಡಿದರೆ ಸುಮಾರು 22 ಯೂನಿಟ್. ನಮ್ಮ ಗ್ರಿಡ್ಡಿನ ಒಂದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಅಂಟಿಕೊಂಡು ಬರುತ್ತದೆ. ಅಲ್ಲಿಗೆ ದಿನಕ್ಕೆ 16 ಕೆ.ಜಿ. ಕರೆಂಟಿನ ಬಿಲ್ಲು ಸೊನ್ನೆ, ಇಂಗಾಲದ ಬಿಲ್ಲು ವಿಶ್ವಬ್ಯಾಂಕಿನ ದರದಲ್ಲೇ ಐವತ್ತು ರೂಪಾಯಿ ಚಿಲ್ಲರೆ. ಆದರೆ ಇದೇ ಜಿಲ್ಲೆಯ ಆಂಡಿಪಟ್ಟಿ ಬಯಲಲ್ಲಿ ಘಟ್ಟದ ಸಂದಿಯಿಂದ ನುಗ್ಗುವ ಗಾಳಿಗೆ ಸಾಲು ಸಾಲು ಗಾಳಿಯಂತ್ರಗಳು ತಿರುಗುತ್ತವೆ. ಕಣಿವೆಯ ಬಾಯಿಯಲ್ಲಿರುವ ಲೋಯರ್ ಕ್ಯಾಂಪಿನಲ್ಲಿ ಪೆರಿಯಾರ್ ನೀರಿನಿಂದ ವಿದ್ಯುತ್ ತೆಗೆಯುತ್ತಾರೆ.

ಹಾಗಾದರೆ ಕಣಿವೆಯ ನಷ್ಟದ ಕಡೆ ಏನಿದೆ?

ಕಂಬಂ ಕಣಿವೆಯ ಬದುಕು ನಿಂತಿರುವುದು ಕಡ ತಂದ ನೀರಿನ ಮೇಲೆ. ಪಶ್ಚಿಮಕ್ಕೆ ಹರಿದು ಅರಬ್ಬೀ ಸಮುದ್ರ ಸೇರುತ್ತಿದ್ದ ಪೆರಿಯಾರ್ ನದಿಗೆ ಕರ್ನಲ್ ಜಾನ್ ಪೆನ್ನಿಕ್ವಿಕ್ 1887ರಿಂದ 1895ರವರೆಗೆ ಮುಲ್ಲಪೆರಿಯಾರ್ ಅಣೆಕಟ್ಟು ಕಟ್ಟಿಸಿ, ಬೆಟ್ಟದೊಳಗೆ ಸುರಂಗ ಕೊರೆಸಿ, ನೀರನ್ನು ಪೂರ್ವಕ್ಕೆ ತಿರುಗಿಸಿದರು. ಇಂದಿಗೂ ಮಟ್ಟ ಸಾಕಷ್ಟಿದ್ದರೆ ಜೂನ್ 1ಕ್ಕೆ ಮೊದಲ ಬೆಳೆಗೆ ನೀರು ಬಿಡುತ್ತಾರೆ: ವ್ಯವಸಾಯಕ್ಕೆ 200 ಕ್ಯೂಸೆಕ್, ಕುಡಿಯುವ ನೀರಿಗೆ 100. ಉತ್ತಮಪಾಳಯಂ ತಾಲ್ಲೂಕಿನಲ್ಲಿ 11,807 ಎಕರೆ, ತೇನಿಯಲ್ಲಿ 2,412, ಬೋಡಿಯಲ್ಲಿ 488. ಒಟ್ಟು 14,707 ಎಕರೆ ಎರಡು ಬೆಳೆಯ ಭತ್ತದ ಗದ್ದೆ ಈ ನೀರಿಗೆ ಕಾಯುತ್ತದೆ. ಅಣೆ ತುಂಬಬೇಕಾದರೆ ಕೇರಳದ ಕಡೆ ನೈರುತ್ಯ ಮುಂಗಾರು ಬರಬೇಕು. ಕಣಿವೆಯ ಸ್ವಂತ ಮಳೆಗೆ ಈಶಾನ್ಯ ಹಿಂಗಾರು ಬರಬೇಕು. ಎರಡರಲ್ಲಿ ಯಾವುದು ಕೈಕೊಟ್ಟರೂ ಏಟು. 2016ರಲ್ಲಿ ಹಿಂಗಾರು ತಮಿಳುನಾಡಿನಲ್ಲಿ ಶೇ 62ರಷ್ಟು ಕೊರತೆಯಾಯಿತು. 2017ರ ಜನವರಿಯಲ್ಲಿ ಆಗಿದ್ದ 32 ಜಿಲ್ಲೆಗಳನ್ನೂ ಸರ್ಕಾರ ಬರಪೀಡಿತವೆಂದು ಸಾರಿತು.

ಒಂದು ವರ್ಷದ ಬರವನ್ನು ನೇರವಾಗಿ ಇಂಗಾಲದ ತಲೆಗೆ ಕಟ್ಟಲಾಗದು. ಬರ ಮೊದಲೂ ಇತ್ತು. ಆದ್ದರಿಂದ ಸಂಶೋಧಕರು ಒಂದು ಘಟನೆಯನ್ನು ಬಿಟ್ಟು ನೂರಾರು ಊರುಗಳ ಹತ್ತಾರು ವರ್ಷಗಳ ಅಂಕಿ ಹರಡಿಕೊಂಡು, ಬಿಸಿ ಹೆಚ್ಚಾದ ವರ್ಷ ಏನಾಯಿತು, ಕಡಿಮೆಯಾದ ವರ್ಷ ಏನಾಯಿತು ಎಂದು ಹೋಲಿಸುತ್ತಾರೆ. ಕೇಂದ್ರದ 2017–18ರ ಆರ್ಥಿಕ ಸಮೀಕ್ಷೆ ಇದನ್ನೇ ಮಾಡಿತು. ಹವಾಮಾನ ಬದಲಾವಣೆಯಿಂದ ಕೃಷಿಕನ ಆದಾಯ ಸರಾಸರಿ ಶೇ 15ರಿಂದ 18ರಷ್ಟು, ನೀರಾವರಿ ಇಲ್ಲದ ಕಡೆ ಶೇ 20ರಿಂದ 25ರಷ್ಟು ಇಳಿಯಬಹುದು ಎಂದು ಅದು ಅಂದಾಜಿಸಿತು. ಕಂಬಂನ ಕಾಲುವೆ ಕೆಳಗಿನ ಗದ್ದೆಗೂ ಆಂಡಿಪಟ್ಟಿಯ ಮಳೆಯಾಶ್ರಿತ ಹೊಲಕ್ಕೂ ಇರುವ ಅಂತರ ಆ ಎರಡು ಅಂಕಿಗಳ ಅಂತರವೇ.

ಕಾರ್ಖಾನೆಯೊಳಗೂ ಇದೇ ಕಥೆ. ಇ. ಸೋಮನಾಥನ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಉಷ್ಣತೆ ಒಂದು ಡಿಗ್ರಿ ಏರಿದರೆ ಭಾರತದ ಕಾರ್ಖಾನೆಯ ವಾರ್ಷಿಕ ಉತ್ಪನ್ನ ಸುಮಾರು ಶೇ 2 ಕುಸಿಯುತ್ತದೆ. ಅವರು ನೋಡಿದ ಕಡೆಗಳಲ್ಲಿ ಸೂರತ್ತಿನ ಬಟ್ಟೆ ನೇಯುವ ಘಟಕಗಳೂ ಇದ್ದವು. ಯಂತ್ರ ಕೆಟ್ಟದ್ದಲ್ಲ, ಸೆಕೆಗೆ ಕೈ ನಿಧಾನವಾಗುತ್ತದೆ, ರಜೆ ಹೆಚ್ಚುತ್ತದೆ. ನೂಲಿನ ಗಿರಣಿಗಳ ಊರಾದ ದಿಂಡಿಗಲ್ಲಿನಲ್ಲಿ, ಸುಂಗುಡಿ ಸೀರೆಯ ಚಿನ್ನಾಳಪಟ್ಟಿಯಲ್ಲಿ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇಡೀ ದೇಶದ ಮಟ್ಟಕ್ಕೆ ಹೋದರೆ ಅಂಕಿಗಳು ಬೆಚ್ಚಿಬೀಳಿಸುತ್ತವೆ. ಮಾರ್ಷಲ್ ಬರ್ಕ್ ಮತ್ತಿಬ್ಬರು 2015ರಲ್ಲಿ, ವಾರ್ಷಿಕ ಸರಾಸರಿ 13 ಡಿಗ್ರಿ ಉಷ್ಣತೆಯ ಆಸುಪಾಸಿನಲ್ಲಿ ಆರ್ಥಿಕತೆ ಚೆನ್ನಾಗಿ ಓಡುತ್ತದೆ, ಅದನ್ನು ದಾಟಿದಷ್ಟೂ ಕುಗ್ಗುತ್ತದೆ ಎಂದು ತೋರಿಸಿದರು. ಭಾರತ ಆ ಗಡಿಯನ್ನು ಎಂದೋ ದಾಟಿದ ನಾಡು. 2019ರಲ್ಲಿ ಬರ್ಕ್ ಮತ್ತು ನೋವಾ ಡಿಫೆನ್‌ಬಾ ಮಾಡಿದ ಲೆಕ್ಕದಲ್ಲಿ, 1961ರಿಂದ 2010ರವರೆಗೆ ಭೂಮಿ ಬಿಸಿಯಾಗದೆ ಇದ್ದಿದ್ದರೆ ಎಷ್ಟಿರುತ್ತಿತ್ತೋ ಅದಕ್ಕಿಂತ ಭಾರತದ ತಲಾ ವರಮಾನ ಶೇ 31ರಷ್ಟು ಕಡಿಮೆಯಾಗಿದೆ. ಚಳಿಯ ನಾರ್ವೆಗೆ ಶೇ 34ರಷ್ಟು ಲಾಭವಾಗಿದೆ. ಇಂಥ ಲೆಕ್ಕಗಳಲ್ಲಿ ಊಹೆಯ ಪಾಲು ದೊಡ್ಡದು. ಶೇ 31 ಎಂಬುದನ್ನು ಶಾಸನದಂತೆ ಓದಬಾರದು. ದಿಕ್ಕು ಯಾವುದು ಎಂಬುದರಲ್ಲಿ ಮಾತ್ರ ಹೆಚ್ಚು ಅನುಮಾನವಿಲ್ಲ.

ಎಚ್ಚರಿಕೆ ಏಕೆ ಬೇಕು ಎಂಬುದಕ್ಕೆ ತಾಜಾ ಉದಾಹರಣೆಯೇ ಇದೆ. 2024ರ ಏಪ್ರಿಲಿನಲ್ಲಿ ಜರ್ಮನಿಯ ಪಾಟ್ಸ್‌ಡಾಮ್ ಸಂಸ್ಥೆಯವರು ‘ನೇಚರ್’ ಪತ್ರಿಕೆಯಲ್ಲಿ, ಶತಮಾನದ ನಡುವಿನ ಹೊತ್ತಿಗೆ ಜಗತ್ತಿನ ವರಮಾನ ಶೇ 19 ಕುಗ್ಗುತ್ತದೆ ಎಂದು ಬರೆದರು. ಆಮೇಲೆ ಬೇರೆಯವರು ಕೆದಕಿದಾಗ ಉಜ್ಬೇಕಿಸ್ತಾನ ಒಂದರ 1990ರ ದಶಕದ ಅಂಕಿಗಳಲ್ಲಿದ್ದ ದೋಷವೇ ಫಲಿತಾಂಶವನ್ನು ಬಹಳಷ್ಟು ಎಳೆದಾಡಿದ್ದು ಹೊರಬಿತ್ತು. ತಿದ್ದಿದಾಗ 19 ಹೋಗಿ 17 ಆಯಿತು, ಅನಿಶ್ಚಿತತೆಯೂ ಹಿಗ್ಗಿತು. 2025ರ ಡಿಸೆಂಬರಿನಲ್ಲಿ ಲೇಖನವನ್ನೇ ಹಿಂತೆಗೆದುಕೊಂಡರು.

ಹಾನಿ ಎಷ್ಟೆಂದು ಒಪ್ಪಿಕೊಂಡರೂ ಬೆಲೆ ಒಂದೇ ಆಗುವುದಿಲ್ಲ. ಅದಕ್ಕೆ ಕಾರಣ ಬಡ್ಡಿ. ಇಂದು ಬಿಟ್ಟ ಇಂಗಾಲ ಶತಮಾನಗಟ್ಟಲೆ ಆಕಾಶದಲ್ಲಿರುತ್ತದೆ. ಹಾನಿಯ ಬಹುಪಾಲು ಮುಂದಿನವರ ಪಾಲಿಗೆ. ನೂರು ವರ್ಷ ಆಚೆಗಿನ ನೂರು ರೂಪಾಯಿ ನಷ್ಟಕ್ಕೆ ಇಂದು ಎಷ್ಟು ಬೆಲೆ? ಬಡ್ಡಿಯನ್ನು ಹಿಂದಕ್ಕೆ ಎಣಿಸಬೇಕು. ಶೇ 7ರಂತೆ ಎಣಿಸಿದರೆ ಹನ್ನೆರಡು ಪೈಸೆ. ಶೇ 3ಕ್ಕೆ ಐದು ರೂಪಾಯಿ. ಶೇ 2ಕ್ಕೆ ಹದಿನಾಲ್ಕು. ಬ್ರಿಟನ್ನಿನ ನಿಕೋಲಸ್ ಸ್ಟರ್ನ್ 2006ರ ವರದಿಯಲ್ಲಿ ಹಿಡಿದ ಶೇ 1.4ಕ್ಕೆ ಇಪ್ಪತ್ತೈದು. ಈ ಲೆಕ್ಕಕ್ಕೆ ಮಾದರಿ ಕಟ್ಟಿ 2018ರ ನೊಬೆಲ್ ಪಡೆದ ವಿಲಿಯಂ ನಾರ್ಡ್‌ಹೌಸ್ ದೊಡ್ಡ ದರದ ಕಡೆಯವರು. ಸ್ಟರ್ನ್ ಅವರು ಮೊಮ್ಮಕ್ಕಳ ನಷ್ಟವೂ ನಮ್ಮದರಷ್ಟೇ ನಷ್ಟ ಎನ್ನುವವರು. ಇದು ಗಣಿತದ ಜಗಳವಲ್ಲ, ನ್ಯಾಯದ ಜಗಳ.

ದೂರದ ಭವಿಷ್ಯಕ್ಕೆ ಬೆಲೆ ಕಟ್ಟಿ ಕೈ ಸುಟ್ಟುಕೊಂಡವರು ಕಣಿವೆಯ ಬೆಟ್ಟದಾಚೆಯೇ ಇದ್ದಾರೆ. 1886ರ ಅಕ್ಟೋಬರ್ 29ರಂದು ತಿರುವಾಂಕೂರು ಮಹಾರಾಜರು ಮುಲ್ಲಪೆರಿಯಾರಿನ 8,000 ಎಕರೆಯನ್ನು 999 ವರ್ಷಕ್ಕೆ ಗುತ್ತಿಗೆ ಕೊಟ್ಟರು. ಎಕರೆಗೆ ವರ್ಷಕ್ಕೆ ಐದು ರೂಪಾಯಿ, ಒಟ್ಟು 40,000. ಶೇ 3ರ ಕಣ್ಣಿನಿಂದ ನೋಡಿದರೆ ಇನ್ನೂರನೆಯ ವರ್ಷದ ಆಚೆಗಿನ ಬಾಡಿಗೆಗೆ ಬೆಲೆಯೇ ಇಲ್ಲ, 200 ವರ್ಷವಾದರೇನು 999 ಆದರೇನು. 1970ರಲ್ಲಿ ಬಾಡಿಗೆಯನ್ನು ಎಕರೆಗೆ 30 ರೂಪಾಯಿಗೆ ಏರಿಸಿದ್ದಾಯಿತು, ಆದರೂ ಎರಡು ರಾಜ್ಯಗಳ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2014ರಲ್ಲಿ ಅಣೆಕಟ್ಟಿನ ನೀರಿನ ಮಟ್ಟ 142 ಅಡಿಯವರೆಗೆ ಇರಬಹುದು ಎಂಬ ತೀರ್ಪು ಬಂತು.

ಬಡ್ಡಿಯ ದರ ಆಯ್ದುಕೊಳ್ಳುವವರು ಬದಲಾದಾಗ ಬೆಲೆಯೂ ಬದಲಾಗುತ್ತದೆ. ಅಮೆರಿಕದಲ್ಲಿ 2010ರಲ್ಲಿ ಟನ್ನಿಗೆ ಸುಮಾರು 21 ಡಾಲರ್. ಟ್ರಂಪ್ ಮೊದಲ ಸಲ ಬಂದಾಗ, ಅಮೆರಿಕಕ್ಕೆ ಆಗುವ ಹಾನಿ ಮಾತ್ರ ಎಣಿಸಿರೆಂದು 1ರಿಂದ 7 ಡಾಲರ್. ಬೈಡನ್ ಕಾಲಕ್ಕೆ 51, ಆಮೇಲೆ 190. 2025ರ ಜನವರಿಯಲ್ಲಿ ಟ್ರಂಪ್ ಮರಳಿ ಬಂದು ಲೆಕ್ಕ ಹಾಕುವ ಸಮಿತಿಯನ್ನೇ ವಿಸರ್ಜಿಸಿದರು. ಇಷ್ಟೆಲ್ಲದರ ನಡುವೆ ಗಾಳಿಯ ರಸಾಯನ ಮಾತ್ರ ಒಂದಿಷ್ಟೂ ಬದಲಾಗಲಿಲ್ಲ.

ನಮ್ಮ ಪಾಲಿಗೆ ಹೆಚ್ಚು ಮುಖ್ಯವಾದದ್ದು 2018ರಲ್ಲಿ ಕ್ಯಾಥರಿನ್ ರಿಕ್ ಮತ್ತು ಸಂಗಡಿಗರು ಮಾಡಿದ ಕೆಲಸ. ಅವರು ಪ್ರಶ್ನೆಯನ್ನು ತಿರುಗಿಸಿ ಕೇಳಿದರು: ಜಗತ್ತಿನ ಎಲ್ಲಿಯೋ ಒಂದು ಟನ್ ಬಿಟ್ಟರೆ ಯಾವ ದೇಶಕ್ಕೆ ಎಷ್ಟು ನಷ್ಟ? ಒಟ್ಟು 417 ಡಾಲರ್ ಬಂತು. ಅದರಲ್ಲಿ ಅತಿ ದೊಡ್ಡ ಪಾಲು ಭಾರತದ್ದು, 86 ಡಾಲರ್. ಅಮೆರಿಕದ್ದು 48, ಚೀನಾದ್ದು 24. ಐದರಲ್ಲಿ ಒಂದು ಪಾಲು ನಷ್ಟ ನಮ್ಮ ಮೇಲೆ. ಜಗತ್ತಿನ ಹೊಗೆಯಲ್ಲಿ ನಮ್ಮ ಪಾಲು ಹನ್ನೆರಡು, ಹದಿಮೂರರಲ್ಲಿ ಒಂದು. ನಮ್ಮ ಸ್ವಂತ ಚಿಮಣಿಯ ಒಂದು ಟನ್ನೂ ನಮಗೇ 86 ಡಾಲರ್ ಏಟು ಕೊಡುತ್ತದೆ ಎಂಬುದನ್ನೂ ಮರೆಯುವಂತಿಲ್ಲ. ಶ್ರೀಮಂತರು ಮೊದಲು ಕಡಿಮೆ ಮಾಡಲಿ ಎಂಬ ವಾದ ನ್ಯಾಯವಾದದ್ದೇ. ಆದರೆ ಕಲ್ಲಿದ್ದಲು ಬಿಡುವುದು ಪರೋಪಕಾರ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ.

ನಾವು ಕಟ್ಟಿದ ಬೆಲೆ ಎಷ್ಟಿತ್ತು? 2010ರಲ್ಲಿ ಕಲ್ಲಿದ್ದಲಿಗೆ ಟನ್ನಿಗೆ 50 ರೂಪಾಯಿ ಸೆಸ್ ಹಾಕಿದರು, 2016ರ ಹೊತ್ತಿಗೆ 400 ಆಯಿತು. ಒಂದು ಟನ್ ಕಲ್ಲಿದ್ದಲಿನಿಂದ ಒಂದೂವರೆ ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬರುವುದರಿಂದ ಅದು ಟನ್ನಿಗೆ ಮೂರು ಡಾಲರ್ ಅಷ್ಟೇ. 2017ರ ನಂತರ ಆ ಹಣ ಜಿಎಸ್‌ಟಿ ಪರಿಹಾರದ ಹುಂಡಿಗೆ ಹೋಯಿತು.

ಯಾವ ದರಕ್ಕೂ ಸಿಗದ ಬಾಬತ್ತುಗಳೂ ಇವೆ. ಕಂಬಂನ ಕಪ್ಪಿಲಿಯರು ತಲೆತಲಾಂತರದಿಂದ ‘ದೇವರ ಆವು’ಗಳ ಮಂದೆಯನ್ನು ಸಾಕಿಕೊಂಡು ಬಂದಿದ್ದಾರೆ, ತಮಿಳರು ಅದನ್ನು ತಂಬಿರಾನ್ ಮಾಡು ಎನ್ನುತ್ತಾರೆ. 1906ರ ಮಧುರೆ ಗ್ಯಾಸೆಟಿಯರಿನಲ್ಲೇ ಅದರ ವಿವರವಿದೆ. ಮಂದೆಯ ಪಟ್ಟದ ಹೋರಿ ಸತ್ತರೆ ಹೊಸದನ್ನು ಮನುಷ್ಯರು ಆರಿಸುವುದಿಲ್ಲ. ಪೂಜೆ ಮಾಡಿ ಕಬ್ಬಿನ ಕಟ್ಟು ಇಡುತ್ತಾರೆ, ಮೊದಲು ಬಂದು ತಿಂದ ಹೋರಿಗೆ ಪಟ್ಟ. ಮಾರುವುದಕ್ಕಲ್ಲದ ಈ ದನಗಳಿಗೆ ಹುಲ್ಲುಗಾವಲು ಒಣಗಿದರೆ ಆಗುವ ನಷ್ಟವನ್ನು ಯಾವ ಅರ್ಥಶಾಸ್ತ್ರಜ್ಞ ಯಾವ ಕಾಲಮ್ಮಿನಲ್ಲಿ ಬರೆಯಬೇಕು?

ಮಾರುಕಟ್ಟೆಯ ಬೆಲೆ ಇರುವವನ್ನಾದರೂ ಬರೆಯಬಹುದಲ್ಲ. 2013ರಲ್ಲಿ ಪಾರ್ಥ ದಾಸಗುಪ್ತ ಸಮಿತಿ ಭಾರತಕ್ಕೆ ಹಸಿರು ರಾಷ್ಟ್ರೀಯ ಲೆಕ್ಕದ ಚೌಕಟ್ಟು ಕೊಟ್ಟಿತು. 2025ರ ಮಾರ್ಚಿನಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡ ಹೊಸ ರಾಷ್ಟ್ರೀಯ ಲೆಕ್ಕ ಪದ್ಧತಿಯಲ್ಲಿ ಗಣಿ, ತೈಲದಂಥ ಸಂಪತ್ತು ಕರಗುವುದನ್ನು ಖರ್ಚೆಂದು ಕಳೆಯುತ್ತಾರೆ. ಇಂಗಾಲದ ಹಾನಿ ಅದರಲ್ಲೂ ಹೊರಗೇ ಉಳಿದಿದೆ. ತಮಿಳುನಾಡು ಹವಾಮಾನ ಬದಲಾವಣೆ ಮಿಷನ್ ಆರಂಭಿಸಿ ಜಿಲ್ಲಾಧಿಕಾರಿಗಳಿಗೆ ಜಿಲ್ಲೆಯ ಹೊಣೆ ವಹಿಸಿದೆ. ಮಳೆ, ಬಿತ್ತನೆ, ಇಳುವರಿಯ ಅಂಕಿಗಳು ಪ್ರತಿ ಜಿಲ್ಲೆಯ ಕಚೇರಿಯಲ್ಲೂ ಇವೆ, ತೇನಿಯಲ್ಲೂ ತುಮಕೂರಿನಲ್ಲೂ. ಅವುಗಳ ಪಕ್ಕಕ್ಕೆ ಅತಿ ಬಿಸಿಲಿನ ದಿನಗಳೆಷ್ಟು, ಕಾಲುವೆಗೆ ನೀರು ತಡವಾದ ದಿನಗಳೆಷ್ಟು, ಆ ವರ್ಷ ಎಕರೆಗೆ ಬೆಳೆ ಎಷ್ಟು ತಗ್ಗಿತು ಎಂಬ ಮೂರು ಕಾಲಮ್ಮುಗಳನ್ನು ಸೇರಿಸಿ ವರ್ಷ ವರ್ಷ ಪ್ರಕಟಿಸಲು ಹೊಸ ಕಾನೂನೂ ಬೇಡ, ಹೊಸ ಇಲಾಖೆಯೂ ಬೇಡ. ಚಿಮಣಿಯ ಲೆಕ್ಕ ವಿಶ್ವಬ್ಯಾಂಕ್ ಇಟ್ಟುಕೊಂಡಿರಲಿ. ಹೊಲದ ಲೆಕ್ಕವನ್ನು ಜಿಲ್ಲಾ ಅಂಕಿಅಂಶ ಕಚೇರಿಗಳು ಈ ವರ್ಷದಿಂದಲೇ ಶುರು ಮಾಡಬೇಕು.